ಲಿಂಗಕ್ಕನ ಕೈ ಹಗುರಾದದ್ದು

ನಮ್ಮ ಹೊಳಗುಂದದಲ್ಲಿ ಬೆಳಗಿನ ಹೊತ್ತು ಯಾವುದಾದರೂ ಕೂಸು ಬಸ್‌ಸ್ಟ್ಯಾಂಡಿನವರೆಗೆ ಕೇಳುವ ಹಾಗೆ ಕಿರುಚಿಕೊಂಡರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಕೂತವರು ಲೋಟ ಕೂಡ ಕೆಳಗಿಡದೆ, "ಲಿಂಗಕ್ಕ ನೀರು ಹಾಕಾಕತ್ಯಾಳ" ಎಂದು ಹೇಳಿ ಮತ್ತೆ ಹತ್ತಿಯ ರೇಟಿನ ಮಾತಿಗೆ ಇಳಿಯುತ್ತಿದ್ದರು. ಕೂಸು ಅತ್ತಷ್ಟೂ ಎದೆ ಗಟ್ಟಿ, ನೀರು ಸುಟ್ಟಷ್ಟೂ ಮೈ ಗಟ್ಟಿ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗೆ ನೋಡಿದರೆ ನಮ್ಮೂರಿನಲ್ಲಿ ಗಟ್ಟಿಯಾದವರೆಲ್ಲ ಲಿಂಗಕ್ಕನ ಕೈಯಲ್ಲೇ ಗಟ್ಟಿಯಾದವರು.

ಆಕೆ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಎರಡೂ ಕಾಲು ಚಾಚಿ ಕೂತಳೆಂದರೆ ಮುಗಿಯಿತು. ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಹರಳೆಣ್ಣೆ ಹಚ್ಚಿ, ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿ, ಮೂಗು ನೀವಿ, ಕೈಕಾಲು ಮಡಚಿ ಎಳೆದು, ಆಮೇಲೆ ಹೊಗೆಯಾಡುವ ನೀರು. ಕೂಸಿನದು ಮುಗಿದ ಮೇಲೆ ಬಾಣಂತಿಯ ಸರದಿ. ಇದಕ್ಕಿಂತ ಹೆರಿಗೆಯೇ ಸುಖವಾಗಿತ್ತು ಎಂದು ಅತ್ತವರನ್ನು ನಾನೇ ನೋಡಿದ್ದೇನೆ.

ನೋಡಿದ್ದೇನೆ ಏಕೆಂದರೆ ಪಕ್ಕದಲ್ಲಿ ನಿಂತು ಹಂಡೆಯಿಂದ ನೀರು ತೋಡಿ ಹಾಕುವವಳು ನಾನು. ಹೆಸರು ಎರ್ರಮ್ಮ, ಪಕ್ಕದ ಮನೆಯವಳು. ಈ ಊರಿಗೆ ಸೊಸೆಯಾಗಿ ಬಂದ ವರ್ಷ ಲಿಂಗಕ್ಕ ನನ್ನ ಕೈಗೆ ಚೆಂಬು ಕೊಟ್ಟಳು. ವರ್ಷಗಳೇ ಕಳೆದರೂ ಅದು ಕೈಬಿಡಲಿಲ್ಲ. ಕೂಸಿನ ಕಿರುಬೆರಳನ್ನೂ ಮುಟ್ಟಗೊಡುತ್ತಿರಲಿಲ್ಲ. "ನಿನ್ನ ಕೈಯಾಗ ಬಲ ಇಲ್ಲಬೇ, ನೀ ನೀರು ಹಾಕು" ಎನ್ನುತ್ತಿದ್ದಳು. ಬಾಣಂತನ ಮುಗಿದಾಗ ಆಕೆಗೆ ಸೀರೆ, ನನಗೆ ಕುಬಸದ ಬಟ್ಟೆ. ನನಗೆ ಇದರ ಸಿಟ್ಟು ಇರಲಿಲ್ಲ ಎಂದರೆ ಅದು ಹಸಿ ಸುಳ್ಳು.

ಇಂಥ ಲಿಂಗಕ್ಕನ ಬಲ ಮೊಲೆಯಲ್ಲಿ ಗಂಟು ಬಂತು. ಅದನ್ನು ಮೊದಲು ಹೇಳಿದ್ದು ಗಂಡ ಚಂದ್ರಣ್ಣನಿಗಲ್ಲ, ನನಗೆ. ಅದೂ ಬಚ್ಚಲಲ್ಲೇ, ಯಾರದೋ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ರೊಟ್ಟಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವ ದನಿಯಲ್ಲಿ. ಕರ್ನೂಲಿನಲ್ಲಿ ಆಪರೇಷನ್ ಆಯಿತು. ಮೊಲೆ ತೆಗೆದರು, ಕಂಕುಳಲ್ಲಿನ ಗ್ರಂಥಿಗಳನ್ನೂ ತೆಗೆದರು. ಔಷಧಕ್ಕೆ ಕೂದಲೆಲ್ಲ ಉದುರಿತು, ಮತ್ತೆ ಚಿಗುರಿತು. ಆಕೆ ಅತ್ತದ್ದನ್ನು ನಾನು ಕಾಣಲಿಲ್ಲ.

"ಒಂದು ಹೋತು, ಹೋಗ್ಲಿ ಬಿಡು. ಕುಡಿಯೋರು ಕುಡಿದು ದೊಡ್ಡೋರಾಗ್ಯಾರ. ನನಗ ಕೈ ಉಳೀತಲ್ಲ, ಅಷ್ಟು ಸಾಕು" ಎಂದಳು.

ಕೈ ಆಕೆಗೆ ಯಾಕೆ ಬೇಕಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ಮಗಳು ಅಶ್ವಿನಿಯನ್ನು ಆಸ್ಪರಿಗೆ ಕೊಟ್ಟು ಬಹಳ ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಲಿಂಗಕ್ಕನ ಔಷಧ ಮುಗಿಯುವ ಹೊತ್ತಿಗೆ ಆಸ್ಪರಿಯಿಂದ ಸಿಹಿ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ. ಊರ ಕೂಸುಗಳಿಗೆಲ್ಲ ನೀರು ಹಾಕಿದ ಕೈ ತನ್ನ ಮೊಮ್ಮಗುವಿಗೆ ಹಾಕದೆ ಇರುವುದುಂಟೇ? ಆಕೆಗೆ ಅದೊಂದೇ ಆಸೆ. ಬದುಕಿ ಉಳಿದದ್ದೇ ಅದಕ್ಕಾಗಿ ಎನ್ನುವ ಹಾಗೆ ಮಾತಾಡುತ್ತಿದ್ದಳು.

ಅಷ್ಟರಲ್ಲಿ ಕರ್ನೂಲಿನ ಡಾಕ್ಟರು, ಆಪರೇಷನ್ ಆದ ಕಡೆಯ ಕೈಗೆ ಬಾವು ಬರದ ಹಾಗೆ ನೋಡಿಕೊಳ್ಳುವುದನ್ನು ಆದೋನಿಯಲ್ಲಿ ಕಲಿಸುತ್ತಾರೆ, ಹೋಗಿ ಎಂದರು. ಚಂದ್ರಣ್ಣ ಹೆಂಗಸರ ನಡುವೆ ತಾನೇಕೆ ಎಂದು ನಾಚಿಕೊಂಡ. ಹಳ್ಳಿಹಳ್ಳಿಗೂ ನಿಲ್ಲುವ ಪಲ್ಲೆವೆಲುಗು ಬಸ್ಸಿನಲ್ಲಿ ಜೊತೆಗೆ ಹೋದವಳು ನಾನೇ. ಚೆಂಬು ಹಿಡಿದವಳಿಗೆ ಚೀಲ ಹಿಡಿಯುವುದೇನು ಕಷ್ಟ?

ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿ ಎಂಟು ಹತ್ತು ಹೆಂಗಸರು ಕೂತಿದ್ದರು. ಕಲಿಸುವವರು ಪದ್ಮಜಾ ಮೇಡಂ, ಫಿಸಿಯೊಥೆರಪಿಯವರು. ಆದೋನಿಯವರೇ, ಮನೆಮಾತು ತೆಲುಗು, ಕನ್ನಡವೂ ಅರಳು ಹುರಿದ ಹಾಗೆ.

"ನೋಡ್ರಮ್ಮಾ, ಕಂಕುಳಾಗಿನ ಗ್ರಂಥಿ ಅಂದ್ರ ಕಾಲುವೆ ತೂಬು ಇದ್ದಂಗ" ಎಂದರು. "ಕೈಯಾಗಿನ ನೀರೆಲ್ಲ ಅಲ್ಲಿಂದ ಹೋಗ್ತಿತ್ತು. ಈಗ ತೂಬು ತೆಗ್ದಾರ. ನೀರು ಪಕ್ಕದ ಸಣ್ಣ ಸಣ್ಣ ಕಾಲುವೆ ಹುಡುಕ್ಕೊಂಡು ಹೋಗ್ಬೇಕು. ಆ ಕೈಗೆ ಬಿಸಿ ಹತ್ತಿದ್ರ, ಗಾಯ ಆದ್ರ, ಜೋರು ತಿಕ್ಕಿದ್ರ ನೀರು ಒಮ್ಮೆಲೇ ನುಗ್ತದ. ನುಗ್ಗಿದ್ರ ಏನಾಗ್ತದ?"

"ಒಡ್ಡು ಒಡೀತದ್ರೀ" ಎಂದಳು ನಾಗಲದಿನ್ನೆಯಿಂದ ಬಂದಿದ್ದ ಹೆಂಗಸು. ಹೊಳೆ ದಂಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕೇ?

ಆ ಕೈಗೆ ಇಂಜೆಕ್ಷನ್ ಬೇಡ, ಬಿಪಿ ಪಟ್ಟಿ ಬೇಡ, ಬಿಗಿ ಬಳೆ ಬೇಡ. ಹತ್ತಿ ಬಿಡಿಸುವಾಗ ಕೈಗೆ ಗವಸು ಹಾಕಬೇಕು. ತರಚಿದರೆ ತಕ್ಷಣ ತೊಳೆದು ಔಷಧ ಹಚ್ಚಬೇಕು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಹಲ್ಲಿಯ ಹಾಗೆ ಮೇಲಕ್ಕೆ ನಡೆಸಬೇಕು. ಕೊನೆಗೆ ಮೇಡಂ ಕೈ ನೀವುವುದನ್ನು ತೋರಿಸಿದರು. ಬೆರಳು ತೊಗಲಿನ ಮೇಲೆ ಕೂತದ್ದೂ ಗೊತ್ತಾಗುವುದಿಲ್ಲ, ಅಷ್ಟು ಹಗುರ. "ಮೆಲ್ಲಗಾ, ಮೆಲ್ಲಗಾ. ಮಲಗಿದ ಕೂಸಿನ ಕೆನ್ನೆ ಮುಟ್ಟಿದಂಗ" ಎಂದರು.

ಲಿಂಗಕ್ಕನ ಮುಖ ನೋಡಬೇಕಿತ್ತು. ಮೀನಿಗೆ ಈಜು ಕಲಿಸುವವರು ಬಂದಿದ್ದಾರೆ ಎನ್ನುವ ಹಾಗೆ ತುಟಿ ಕೊಂಕಿಸಿ ಕೂತಿದ್ದಳು. ಎಲ್ಲ ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು. "ಕೂಸಿಗೆ ನೀರು ಹಾಕಬಹುದಲ್ರೀ?"

"ಹೆಂಗ ಹಾಕ್ತೀರಿ, ತೋರಿಸ್ರಿ" ಎಂದು ಮೇಡಂ ಒಂದು ದಿಂಬು ಕೊಟ್ಟರು.

ಲಿಂಗಕ್ಕ ಅಲ್ಲೇ ನೆಲದ ಮೇಲೆ ಕಾಲು ಚಾಚಿದಳು. ದಿಂಬನ್ನು ಬೋರಲು ಹಾಕಿ ತಿಕ್ಕಿದಳು, ಮಗುಚಿ ಹಾಕಿ ತಿಕ್ಕಿದಳು, ಎದುರು ಬದುರು ಮೂಲೆ ಹಿಡಿದು ಎಳೆದಳು. ಹೊಲಿಗೆ ಪರ್ರೆಂದು ಬಿಚ್ಚಿ ಹತ್ತಿ ಹೊರಬಂತು.

"ಅಯ್ಯೋ, ದಿಂಬು ಸತ್ತೇ ಹೋತಲ್ಲಬೇ!" ಎಂದಳು ನಾಗಲದಿನ್ನೆಯವಳು. ಎಷ್ಟೋ ದಿನದಿಂದ ನಗದ ಆ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೇಡಂ ಕೂಡ ನಕ್ಕು, ಆಮೇಲೆ ಲಿಂಗಕ್ಕನ ಎದುರು ನೆಲದ ಮೇಲೇ ಕೂತರು. "ಈ ಕೈಲೆ ಹಿಂಗ ತಿಕ್ಕಬ್ಯಾಡ್ರಿ ಲಿಂಗಕ್ಕಾ. ಸುಡೋ ನೀರು ಬ್ಯಾಡ. ಬಾವು ಬಂದು ನಿಂತ್ರ ಮತ್ತ ಮೊದಲಿನಂಗ ಆಗೋದು ಕಷ್ಟ. ಬರದಂಗ ನೋಡ್ಕೊಂಡ್ರ ಕೂಸನ್ನೂ ಎತ್ಕೋಬಹುದು, ರೊಟ್ಟಿನೂ ಬಡೀಬಹುದು."

ಬಸ್ಸು ಹತ್ತಿದ ಕೂಡಲೇ ಲಿಂಗಕ್ಕ ಶುರುಮಾಡಿದಳು. "ಅದೇನು ನೀವೋದೇನಬೇ? ನೊಣ ಓಡ್ಸೋದು!"

ಬೇಡ ಎಂದದ್ದನ್ನು ಮಾಡಿ ನೋಡುವುದು ನಮ್ಮ ಲಿಂಗಕ್ಕನ ಹುಟ್ಟುಗುಣ. ಬಲಗೈ ಬಿಗಿ ಹಿಡಿದ ಹಾಗೆ ಇದ್ದದ್ದು ನಿಜ. ಊರವರ ಬಿಗಿತವನ್ನೆಲ್ಲ ಬಿಡಿಸಿದವಳಿಗೆ ತನ್ನದನ್ನು ಬಿಡಿಸಿಕೊಳ್ಳಲಾಗದೇ ಎಂದುಕೊಂಡಳು. ನಾನಿದ್ದರೆ ಬಿಡುವುದಿಲ್ಲವೆಂದು, ನಾನು ಹತ್ತಿ ಬಿಡಿಸಲು ಹೊಲಕ್ಕೆ ಹೋದಾಗ ಹಂಡೆಗೆ ಉರಿ ಹಾಕಿ, ಎಣ್ಣೆ ಕಾಯಿಸಿ, ಎಡಗೈಯಿಂದ ಬಲಗೈಯನ್ನು ಶಕ್ತಿಯಿದ್ದಷ್ಟು ತಿಕ್ಕಿ, ಸುಡುಸುಡು ನೀರು ಹಾಕಿಕೊಂಡಳು. ಒಂದು ದಿನವಲ್ಲ, ಅದೇ ವಾರ ಮತ್ತೆ ಮತ್ತೆ.

ಆ ಶನಿವಾರ ಆಕೆ ನನ್ನ ಮನೆಗೆ ಮಜ್ಜಿಗೆ ಕೇಳಲು ಬಂದಾಗ ಕುಬಸದ ಬಲತೋಳು ಮಾಂಸದಲ್ಲಿ ಹೂತುಕೊಂಡಿತ್ತು. ಎಡತೋಳು ಸಡಿಲವಾಗಿಯೇ ಇತ್ತು. ಹತ್ತಿರ ಹೋದರೆ ಹರಳೆಣ್ಣೆಯ ವಾಸನೆ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಿಯವಳಲ್ಲ ನಾನು.

"ಊರ ಮಂದಿ ಸೊಂಟ ಮುರಿದದ್ದು ಸಾಲಲಿಲ್ಲೇನು? ನಿನ್ನ ಕೈನೂ ಕಳ್ಕೊಂತಿ?" ಎಂದು ಕೂಗಿಬಿಟ್ಟೆ. "ಇನ್ನ ನಿನ್ನ ಬೀಗತಿ ಆಸ್ಪರಿಯಿಂದ ಯಾರನ್ನರ ಕರ್ಕೊಂಡು ಬಂದು ಕೂಸಿಗೆ ನೀರು ಹಾಕಸ್ತಾಳ. ನೀ ಕಟ್ಟಿ ಮ್ಯಾಲ ಕುಂತು ನೋಡು!"

ಲಿಂಗಕ್ಕ ಮಜ್ಜಿಗೆಯ ಪಾತ್ರೆ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಗಂಟು ಕಂಡಾಗ ಅಳದವಳು, ಕೂದಲು ಹೋದಾಗ ಅಳದವಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಏನೋ. ಪಕ್ಕದಲ್ಲಿ ಕೂತು ನಾನೂ ಅತ್ತೆ. ಅತ್ತು ಮುಗಿಸಿ, ಇಬ್ಬರೂ ಮುಖ ತೊಳೆದು ಆದೋನಿಯ ಬಸ್ಸು ಹತ್ತಿದೆವು.

ಪದ್ಮಜಾ ಮೇಡಂ ಬೈಯಲಿಲ್ಲ. ಜ್ವರ ಬಂದಿತ್ತೇ, ಕೈ ಕೆಂಪಾಗಿತ್ತೇ ಎಂದು ಕೇಳಿದರು. ಇಲ್ಲ ಎಂದಾಗ ನಿಟ್ಟುಸಿರು ಬಿಟ್ಟು, ಟೇಪು ಹಿಡಿದು ಎರಡೂ ಕೈ ಅಳೆದರು. "ಲಗೂ ಬಂದೀರಿ, ಒಳ್ಳೇದಾತು. ಬಾವು ಇನ್ನೂ ಹೊಸದು, ಇಳೀತದ" ಎಂದರು. ಮಣಿಕಟ್ಟಿನಿಂದ ಮೇಲ್ತೋಳಿನವರೆಗೆ ಹಾಕಿಕೊಳ್ಳಲು ಕಾಲುಚೀಲದಂಥ ಬಿಗಿಯಾದ ತೋಳಚೀಲ ಕೊಡಿಸಿದರು.

"ಬಿಗಿ ಬಳೆ ಬ್ಯಾಡ ಅಂದ್ರಿ, ಇದು ಬೇಕೇನು?" ಎಂದೆ ನಾನು.

"ಬಳೆ ಒಂದ ಕಡೆ ಹಿಡೀತದ. ಇದು ಕೈಗೆಲ್ಲ ಅಳತಿ ಪ್ರಕಾರ ಹಿಡೀತದ" ಎಂದರು.

ಲಿಂಗಕ್ಕ ತಲೆಯೆತ್ತದೆ ಕೇಳಿದಳು. "ನನ್ನ ಮಗಳ ಕೂಸಿಗೆ ನಾ ನೀರು ಹಾಕಂಗಿಲ್ಲೇನಮ್ಮಾ?"

"ಹೆರಿಗಿಗೆ ಇನ್ನೂ ಟೈಮ್ ಐತಲ್ಲ ಲಿಂಗಕ್ಕಾ. ಬಾವು ಇಳೀಲಿ, ಇಳಿದು ಹಂಗೇ ನಿಲ್ಲಲಿ. ಆಮ್ಯಾಲ ಹಾಕ್ರಿ. ಆದ್ರ ಬೆಚ್ಚನ ನೀರು, ಮೆಲ್ಲನ ಕೈ. ಕೈ ಭಾರ ಆತು ಅನ್ನಿಸಿದ ಕೂಡ್ಲೇ ಬಿಟ್ಟುಬಿಡ್ಬೇಕು. ಕೈ ತಾನೇ ಹೇಳ್ತದ. ನೀವು ಕೇಳ್ಬೇಕು, ಅಷ್ಟೇ."

ತೋಳಿನ ಹಿಂಬದಿಗೆ ಆಕೆಯ ಕೈ ಎಟುಕುತ್ತಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ಎರ್ರಮ್ಮಾ, ನೀವೂ ಕಲೀರಿ" ಎಂದರು. ನಾನು ಕಲಿತೆ. ಬಲವಿಲ್ಲ ಎಂದು ಬೈಸಿಕೊಂಡ ನನ್ನ ಕೈಯನ್ನು ನೋಡಿ ಮೇಡಂ, "ಚಾಲಾ ಬಾಗುಂದಿ, ಭಾಳ ಚಲೋ ಐತಿ, ಇಷ್ಟೇ ಹಗುರ ಇರ್ಬೇಕು" ಎಂದರು. ಆ ದಿನ ನಾನು ಬಸ್ಸಿನಲ್ಲಿ, ಯಾವಾಗಲೂ ಲಿಂಗಕ್ಕ ಕೂರುತ್ತಿದ್ದ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂದೆ.

ಮೊದಮೊದಲು ಲಿಂಗಕ್ಕನಿಗೆ ತಡೆಯಲಾಗುತ್ತಿರಲಿಲ್ಲ. ಚಾಪೆಯ ಮೇಲೆ ಮಲಗಿ, "ಇನ್ನಷ್ಟು ಒತ್ತಬೇ, ಅನ್ನ ತಿಂದಿಲ್ಲೇನು?" ಎನ್ನುತ್ತಿದ್ದಳು. "ಬಾಯಿ ಮುಚ್ಕೊಂಡು ಬಿದ್ಕೋ" ಎನ್ನುತ್ತಿದ್ದೆ ನಾನು. ಇಷ್ಟು ವರ್ಷದಲ್ಲಿ ಆ ಮಾತು ಹೇಳುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಬೇಕಾದ್ದಕ್ಕಿಂತ ಒಂದೆರಡು ಸಲ ಹೆಚ್ಚೇ ಹೇಳಿರಬಹುದು. ಮೊದಲು ಕತ್ತಿನ ಬುಡ, ಆಮೇಲೆ ಎಡ ಕಂಕುಳು, ಆಮೇಲೆ ತೋಳಿನಿಂದ ಮೇಲಕ್ಕೆ. ಒಂದು ಮಧ್ಯಾಹ್ನ ಬೈಗುಳ ನಿಂತದ್ದು ಕಂಡು ಬಗ್ಗಿ ನೋಡಿದರೆ ನಿದ್ದೆ ಹೋಗಿದ್ದಳು.

ಅಲ್ಲಿಂದ ಹಟ ತಿರುಗಿತು. ಕೈ ಕೆಡಿಸಿಕೊಳ್ಳಲು ಇದ್ದ ಹಟವೆಲ್ಲ ಕೈ ಉಳಿಸಿಕೊಳ್ಳಲು ಬಂತು. ದಿನಾ ಗೋಡೆಗೆ ಬೆರಳು ನಡೆಸುವಳು, ಮುಟ್ಟಿದ ಎತ್ತರಕ್ಕೆ ಒಂದು ಸುಣ್ಣದ ಬೊಟ್ಟು ಇಡುವಳು. ಪಡಸಾಲೆಯ ಗೋಡೆಯಲ್ಲಿ ಬೊಟ್ಟುಗಳು ಏರುತ್ತ ಹೋದವು. ಚಂದ್ರಣ್ಣನ ಕುರಿ ಕೊಳ್ಳಲು ಬಂದ ಯಾರೋ ದೇವರ ಗೋಡೆಯೆಂದು ಕೈಮುಗಿದು ಹೋದರಂತೆ. ಬಿಪಿ ನೋಡಲು ಬಂದ ನರ್ಸಮ್ಮ ಬಲಗೈ ಹಿಡಿದಾಗ, "ಎಡಗೈ! ಎಡಗೈ ತಗೋ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಪಾಪ, ಆ ಹುಡುಗಿಯ ಬಿಪಿಯೇ ಏರಿರಬೇಕು. ಬೇರೆ ಹೆಂಗಸರಿಗೂ ಪಾಠ ಶುರುವಾಯಿತು. ಯಾರಾದರೂ ಎದೆಯಲ್ಲಿ ನೋವು, ಗಂಟು ಎಂದು ಪಿಸುಗುಟ್ಟಿದರೆ, "ನಾಚಿಕಿ ಬಿಡು, ದವಾಖಾನಿಗೆ ನಡಿ" ಎಂದು ಕೈಹಿಡಿದು ಎಬ್ಬಿಸುತ್ತಿದ್ದಳು, ಎಡಗೈಯಿಂದ.

ಬಾವು ಇಳಿಯಿತು. ಮೇಡಂ ಟೇಪು ಹಿಡಿದು, "ಹಿಂಗೇ ಇರ್ಲಿ" ಎಂದರು.

ಅಶ್ವಿನಿಗೆ ಆದೋನಿಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ಅಪ್ಪನ ಮೂಗು, ಲಿಂಗಕ್ಕನ ಗಂಟಲು. ಮನೆಗೆ ಬಂದು, ಹೊಕ್ಕಳ ಬಳ್ಳಿ ಉದುರಿ, ನೀರು ಹಾಕುವ ದಿನವೂ ಬಂತು. ಅಶ್ವಿನಿಯ ಅತ್ತೆ ಸುಂಕಲಮ್ಮ ಆಸ್ಪರಿಯಿಂದ ಮುಂಜಾನೆಯೇ ಬಂದಿಳಿದಳು. ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡಳು.

"ಆಪರೇಷನ್ ಆದ ಕೈ ಅಂತಾರ, ನಿಮ್ಮ ಕೈಲೆ ಆಗ್ತೈತೇನ್ರಿ ಬೀಗತಿ? ನಮ್ಮೂರಾಗ ಒಬ್ಬಾಕಿ ಅದಾಳ, ಚಲೋ ತಿಕ್ತಾಳ. ಕರಸ್ಲೇನು?"

ಲಿಂಗಕ್ಕನ ಮುಖ ಕೆಂಪಾಯಿತು. "ಕೂಸು ನಮ್ಮ ಮನಿಯಾಗ ಐತಿ, ನೀರೂ ನಮ್ಮ ಮನೀದು. ನೀವು ಎಲಿ ಹಾಕ್ಕೋರಿ" ಎಂದಳು.

ಬೆಳಿಗ್ಗೆಯೇ ನಾನು ಎರಡೂ ಕೈ ಅಳೆದಿದ್ದೆ, ಸರಿಸಮ ಇತ್ತು. ತೋಳಚೀಲ ತೆಗೆದಿಟ್ಟು ಆಕೆ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಅಶ್ವಿನಿ ಕೂಸನ್ನು ತಂದು ಅಮ್ಮನ ಕಾಲ ಮೇಲೆ ಮಲಗಿಸಿದಳು. ನಾನು ಕೈತಪ್ಪಿ, ಹಳೆಯ ಅಭ್ಯಾಸಕ್ಕೆ, ಹೊಗೆಯಾಡುವ ನೀರನ್ನೇ ಬಕೆಟ್ಟಿಗೆ ತೋಡಿದ್ದೆ. ಲಿಂಗಕ್ಕ ಎಡ ಮೊಣಕೈ ಅದ್ದಿ ನೋಡಿ, "ತಣ್ಣೀರು ಹಾಕಬೇ" ಎಂದಳು. ಹಾಕಿದೆ. "ಇನ್ನಷ್ಟು" ಎಂದಳು. ಲಿಂಗಕ್ಕನ ಬಾಯಲ್ಲಿ ತಣ್ಣೀರು! ನನ್ನ ಕೈಯಿಂದ ಚೆಂಬು ಬೀಳುವುದೊಂದು ಬಾಕಿ.

ಎಡಗೈಯಲ್ಲಿ ಎಣ್ಣೆ ಹಚ್ಚಿದಳು. ಬಲಗೈ ತಲೆಗೆ ಬರೀ ಆಸರೆ. ನಾದಲಿಲ್ಲ, ಎಳೆಯಲಿಲ್ಲ. ಬೆರಳುಗಳು ಕೂಸಿನ ಬೆನ್ನ ಮೇಲೆ, ಹೊಟ್ಟೆಯ ಮೇಲೆ, ಪದ್ಮಜಾ ಮೇಡಂ ತೋರಿಸಿದಷ್ಟೇ ಹಗುರವಾಗಿ ಹೋದವು. ನಾನು ಬೆಚ್ಚಗಿನ ನೀರು ಸಣ್ಣಗೆ ಬಿಟ್ಟೆ. ಕೂಸು ಅಳಲಿಲ್ಲ. ಅಜ್ಜಿಯ ಮುಖವನ್ನು ಕಣ್ಣು ಬಿಟ್ಟು ನೋಡಿತು, ಆಕಳಿಸಿತು.

"ಕೂಸು ಯಾಕ ಅಳವಲ್ದು?" ಎಂದು ಸುಂಕಲಮ್ಮ ಕುರ್ಚಿಯಿಂದ ಎದ್ದಳು. ಕಟ್ಟೆಯ ಮೇಲೆ ಚಂದ್ರಣ್ಣನ ಜೊತೆ ಕೂತಿದ್ದವರೂ ಮಾತು ನಿಲ್ಲಿಸಿದ್ದರು. ಲಿಂಗಕ್ಕ ಕೂತ ಬಚ್ಚಲಲ್ಲಿ ಸದ್ದಿಲ್ಲವೆಂದರೆ ಏನೋ ಆಗಿದೆ ಎಂದೇ ಅರ್ಥ. "ಏ, ಎಲ್ಲಾ ಸರಿ ಐತೇನು?" ಎಂದು ಚಂದ್ರಣ್ಣ ಹೊರಗಿನಿಂದ ಕೂಗಿದ.

"ಸರಿ ಐತಿ, ಸುಮ್ಮನಿರು! ನನ್ನ ಮೊಮ್ಮಗಳು ಆಕಳಸಾಕತ್ಯಾಳ" ಎಂದಳು ಲಿಂಗಕ್ಕ. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ನಗುತ್ತಿತ್ತು.

ಬೆನ್ನು, ಹೊಟ್ಟೆ, ಒಂದು ಕಾಲು ಮುಗಿದಿತ್ತು. ಎರಡನೆಯ ಕಾಲಿಗೆ ಕೈಹಾಕುವಾಗ ಲಿಂಗಕ್ಕ ಸಟ್ಟನೆ ಕೈ ತಡೆದಳು. ಬಲಗೈಯನ್ನು ನೋಡಿಕೊಂಡಳು, ಬೆರಳು ಮಡಚಿ ಬಿಡಿಸಿದಳು. ನನಗೆ ಅರ್ಥವಾಯಿತು. ಎದುರಿಗೆ ಬೀಗತಿ, ಬಾಗಿಲಲ್ಲಿ ಮಗಳು, ಕಾಲ ಮೇಲೆ ಇಷ್ಟು ವರ್ಷ ಕಾದ ಕೂಸು. ಹಳೆಯ ಲಿಂಗಕ್ಕ ಆಗಿದ್ದರೆ ಪ್ರಾಣ ಹೋದರೂ ಮುಗಿಸಿಯೇ ಏಳುತ್ತಿದ್ದಳು.

"ಎರ್ರಮ್ಮಾ" ಎಂದಳು, "ಚೆಂಬು ಇಲ್ಲಿ ಕೊಡು. ಬಾ, ನೀ ಕುಂಡ್ರು."

"ನಾನಾ?"

"ಮತ್ಯಾರು? ಕೈ ಭಾರ ಆತು ಅಂತೈತಿ. ಕೇಳ್ಬೇಕಲ್ಲ. ಬಾ ಅಂದ್ರ ಬಾ, ಕೂಸಿಗೆ ಥಂಡಿ ಆಗ್ತೈತಿ."

ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತೆ. ಕಾಲು ಚಾಚಿದೆ. ಲಿಂಗಕ್ಕ ತಾನೇ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ, ಎಡಗೈಯಲ್ಲಿ ಚೆಂಬು ಹಿಡಿದು ಪಕ್ಕದಲ್ಲಿ ನಿಂತಳು. ನಾನು ಇಷ್ಟು ವರ್ಷ ನಿಂತ ಜಾಗದಲ್ಲೇ. ಆ ಪುಟ್ಟ ಪಾದವನ್ನು ಮುಟ್ಟಿದೆನೋ ಇಲ್ಲವೋ, ಅದುವರೆಗೆ ಆಕಳಿಸುತ್ತಿದ್ದ ಕೂಸು ಬಾಯಿ ತೆರೆದು ಬಸ್‌ಸ್ಟ್ಯಾಂಡಿನವರೆಗೆ ಕೇಳುವ ಹಾಗೆ ಕಿರುಚಿತು.

"ಹಾಂ, ಈಗ ಸರಿ ಆತು ನೋಡು!" ಎಂದು ಸುಂಕಲಮ್ಮ ಮತ್ತೆ ಕುರ್ಚಿಯಲ್ಲಿ ಕೂತಳು. ಹೊರಗೆ ಕಟ್ಟೆಯವರು ಹತ್ತಿಯ ರೇಟಿನ ಮಾತು ಮುಂದುವರಿಸಿದರು. "ಲಿಂಗಕ್ಕ ನೀರು ಹಾಕಾಕತ್ಯಾಳ" ಎಂದು ಯಾರೋ ಅಂದದ್ದು ಕೇಳಿಸಿತು.

ಅದು ನಿಜವೇ ಆಗಿತ್ತು. ಲಿಂಗಕ್ಕ ಸಣ್ಣಗೆ ನೀರು ಬಿಡುತ್ತ ನನ್ನ ಕಿವಿಯ ಹತ್ತಿರ ಬಗ್ಗಿ, "ಮೆಲ್ಲಗ, ಎರ್ರಮ್ಮಾ, ಮೆಲ್ಲಗ. ಮಲಗಿದ ಕೂಸಿನ ಕೆನ್ನಿ ಮುಟ್ಟಿದಂಗ" ಎಂದಳು.

"ಬಾಯಿ ಮುಚ್ಕೊಂಡು ನೀರು ಹಾಕು" ಎಂದೆ ನಾನು.